ಡೆಲ್ಮರ್‌ಗೆ ಸಣ್ಣ ಪೀಪಾಯಿಯೇ ಬೇಕು
ಮೊಂಟಾನಾದ ನಮ್ಮೂರ ಬಂದೂಕಿನಂಗಡಿಗೆ ಹಳೇ ಸಿಪಾಯಿ ಡೆಲ್ಮರ್ ಹೌಗನ್ ಬಂದನೆಂದರೆ ಒಡತಿ ಲೋರ್ನಾ ಕಾಫಿಗೆ ನೀರಿಡುತ್ತಾಳೆ. ಹೆಣ್ಣು ನೋಡಲು ಬಂದವನೂ ಇಷ್ಟು ತಪಾಸಣೆ ಮಾಡಲಾರ. ಗುಂಡು ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕಾಡತೂಸು ತೊಳೆಯುವ, ಮೋಟಾರಿನ ಮೇಲೆ ತಿರುಗುವ ಪೀಪಾಯಿಗಳಿಗೆ ಒಂದೊಂದಾಗಿ ಕಿವಿಗೊಟ್ಟು, "ಇದು ಗೊರಕೆ ಹೊಡಿಯುತ್ತೆ ಕಣಮ್ಮ" ಎಂದು ಪಕ್ಕಕ್ಕೆ ತಳ್ಳುತ್ತಾನೆ. "ಅದುರೋ ಡಬ್ಬಿ ತಗೊಳೋ ಮಾರಾಯ, ಅಗ್ಗ" ಎಂದು ಲೋರ್ನಾ ಹೇಳಿದರೆ ಸಿಡುಕುತ್ತಾನೆ: "ಅದು ಹೊರಗಷ್ಟೇ ತಿಕ್ಕೋದು. ನೀರು, ಉಕ್ಕಿನ ಸೂಜಿ ಹಾಕಿ ತಿರುಗಿಸಿದ್ರೇನೇ ಒಳಗಿನ ಮಸಿ ಹೋಗೋದು. ತಾಯಂದ್ರು ಒಳಗೂ ಇಣುಕ್ತಾರೆ." ಸಿಪಾಯಿಗಳನ್ನು ಮಣ್ಣು ಮಾಡುವಾಗ ಗೌರವಕ್ಕೆ ಮೂರು ಸುತ್ತು ಗುಂಡು ಹಾರಿಸುವ ತಂಡಕ್ಕೆ ಅವನೇ ಯಜಮಾನ. ಹುಲ್ಲಿನಲ್ಲಿ ಮಂಡಿಯೂರಿ ಕಾಡತೂಸು ಹೆಕ್ಕಿ, ಬೆಳಗಿ, ಸುತ್ತಿಗೊಂದರಂತೆ ಮೂರನ್ನು ಸತ್ತವನ ಮನೆಯವರ ಕೈಗಿಡುತ್ತಾನೆ. ಹಿಂದೆ ಮುದುಕರು ಸಾಯುತ್ತಿದ್ದರು. ಈಗ ಮೈಮೇಲೆ ಒಂದು ಗೀರೂ ಇಲ್ಲದೆ ಯುದ್ಧದಿಂದ ಮರಳಿದ ಹುಡುಗರು ತಮ್ಮ ಕೈಯಾರೆ ಸಾಯುತ್ತಿದ್ದಾರೆ. ಹೆಣಕ್ಕೆ ಹೊದಿಸುವ ಬಾವುಟ ಸರ್ಕಾರದಿಂದ ತಡವಿಲ್ಲದೆ ಬರುತ್ತದೆ. ಅವರು ಬದುಕಿದ್ದಾಗ ಬೇಡಿದ ವೈದ್ಯ ಮಾತ್ರ ಬರಲಿಲ್ಲ. ಡೆಲ್ಮರನ ಹಳೆಯ ಪೀಪಾಯಿಯ ಮೋಟಾರು ಈ ಚಳಿಗಾಲ ಬಿಡುವಿಲ್ಲದೆ ತಿರುಗಿ ಸುಟ್ಟುಹೋಯಿತು. "ಈ ಸಲ ದೊಡ್ಡದೇ ತಗೋ. ಎರಡು ಮನೇದು ಒಟ್ಟಿಗೇ ಆಗುತ್ತೆ" ಎಂದಳು ಲೋರ್ನಾ, ಮೊನ್ನೆ. ಡೆಲ್ಮರ್ ಸಣ್ಣದನ್ನು ಎದೆಗವಚಿಕೊಂಡ. "ಬೇಡಮ್ಮ. ದೊಡ್ಡದು ಮನೇಲಿದ್ರೆ, ಅದು ತುಂಬ್ಲಿ ಅಂತ ನಾನೇ ಕಾಯ್ತಾ ಕೂತಂಗಾಗುತ್ತೆ."