ನೂಲು ಒಣಗಿಸಿದ ಕೋಲು

ಆಗ ನನಗ ಅರವತ್ತೆಂಟು. ಅದಾಗಿ ಈಗ ನಾಕು ವರ್ಷ ಆತು. ನಾ ಸಾಲಿ ಕಲತದ್ದು ಎರಡನೇತ್ತಾ, ಬರಿಯಾಕ ಹೊತ್ತು ಹಿಡಿತೈತಿ. ಅದಕ್ಕ ಸುತ್ತಿ ಬಳಸಿ ಹೇಳಂಗಿಲ್ಲ. ನನ್ನ ಮೊಮ್ಮಗಳ ಕೈ ಹೋಗಿದ್ದು ನನ್ನಿಂದ.

ಆಕಿ ನನ್ನ ಮಗನ ಮಗಳು. ಕೋಲು ಹಿಡದು ಜಿಗಿಯಾಕಿ. ಉದ್ದನ್ನ ಕೋಲು ಹಿಡಕೊಂಡು ಓಡಿ ಬಂದು, ನೆಲಕ್ಕ ಊರಿ, ಅದರ ಜೋಡಿ ಮ್ಯಾಲೆ ಎದ್ದು, ಮಾಳಿಗಿ ಎತ್ತರದಾಗ ಇಟ್ಟ ಅಡ್ಡಪಟ್ಟಿ ದಾಟೋದು. ಪೋಲ್ ವಾಲ್ಟ್ ಅಂತಾರದಕ್ಕ. ಸಣ್ಣಾಕಿದ್ದಾಗ ಬಾಡಗಂಡಿ ಹತ್ರ ಸೋದರಮಾವನ ಕಬ್ಬಿನ ಹೊಲದಾಗ ಬಿದಿರು ಊರಿ ಕಾಲುವಿ ಜಿಗಿತಿದ್ಲು. ಕಾಲು ಮುರಕೊಂತಿ ಅಂತ ನಾ ಬೈದದ್ದೇ ಬೈದದ್ದು. ಜಮಖಂಡಿ ಕಾಲೇಜಿಗೆ ಹೋದ ಮ್ಯಾಲೆ ಅಲ್ಲಿ ಆಟ ಕಲಿಸೋ ಸರ್ ಆಕಿ ಕೈಗೆ ಖರೇ ಕೋಲು ಕೊಟ್ರು. ತಾಲೂಕಾ ಗೆದ್ಲು, ಜಿಲ್ಲಾ ಗೆದ್ಲು, ಆಮ್ಯಾಲೆ ರಾಜ್ಯಕ್ಕ ಮೊದಲನೇಕಿ ಆದ್ಲು. ನಮ್ಮ ಬನಹಟ್ಟಿ ಬಸ್ ಸ್ಟ್ಯಾಂಡಿನಾಗ ಆಕಿ ಫೋಟೋದ ಬ್ಯಾನರ್ ಕಟ್ಟಿದ್ರು. ಮೂರು ತಿಂಗಳಿಗೆ ಅದನ್ನ ಯಾರೋ ಬಿಚ್ಚಿಕೊಂಡು ಹೋಗಿ ಎಮ್ಮಿ ಕಟ್ಟೋ ಛಪ್ಪರಕ್ಕ ಹೊಚ್ಚಿದ್ರು. ಆ ವರ್ಷ ಇಡೀ ದೇಶದ ಕೂಟಕ್ಕ ಆಕಿ ಹೆಸರು ಬಂದಿತ್ತು.

ಕೋಲು ಇಡೋದು ಜಮಖಂಡಿ ಮೈದಾನದ ಖೋಲ್ಯಾಗ. ಆ ಖೋಲಿ ಮಾಳಿಗಿ ರಿಪೇರಿಗೆ ತಗದ್ರು. ಮೆತ್ತಂದು ಒಂದು ಕೋಲು ಸರ್ ತಮ್ಮ ಮನಿಗೆ ಒಯ್ದ್ರು, ಎತ್ತರಕ್ಕ ಜಿಗಿಯೋ ಗಟ್ಟಿ ಕೋಲು ಈಕಿ ಬಸ್ಸಿನ ಮ್ಯಾಲೆ ಕಟ್ಟಿ ಮನಿಗೆ ತಂದ್ಲು.

ಕಂಡಕ್ಟರ್ ಅಂದನಂತ, "ಏ ತಂಗಿ, ಬಸ್ಸಿನಷ್ಟ ಉದ್ದ ಐತಲ್ಲ ಇದು, ಇದಕ್ಕೂ ಒಂದು ತಿಕೀಟ ತಗಿ."

"ಸೀಟ ಕೊಡ್ರಿ, ತಗೀತೇನಿ," ಅಂದ್ಲಂತ ಈಕಿ.

ಕೋಲು ಹಿತ್ತಲದ ಗ್ವಾಡಿಗುಂಟ ಇಟ್ಟು ನನಗ ಹೇಳಿದ್ಲು, "ಆಯಿ, ಇದೂ ನೂಲಿಂದನ ಮಾಡಿದ್ದು ಬೇ. ಗಾಜಿನ ನೂಲು. ಸಣ್ಣ ಗೀರು ಬಿದ್ರೂ ಕೆಡತೈತಿ. ಯಾರೂ ಮುಟ್ಟಬ್ಯಾಡ್ರಿ."

"ಗಾಜಿನ ನೂಲು! ಹಂಗಾದ್ರ ಒಂದು ಸೀರಿ ನೇಯ್ಸಿಕೊಡ," ಅಂತ ನಾ ನಕ್ಕೆ. ಆಕಿ ಪರೀಕ್ಷಾ ಬರಿಯಾಕ ಜಮಖಂಡ್ಯಾಗ ಗೆಳತಿ ಮನ್ಯಾಗ ಉಳಿಯಾಕ ಹೋದ್ಲು.

ನಮ್ಮದು ನೂಲಿಗೆ ಬಣ್ಣ ಹಾಕೋ ಮನಿ. ಹಸಿ ನೂಲಿನ ಲಡಿ ಬಿದಿರಿನ ಗಳಕ್ಕ ಹಾಕಿ ಒಣಗಸ್ತೇವಿ. ಆ ವಾರ ಒಂದು ಗಳ ಗೆದ್ದಲು ತಿಂದು ಮುರೀತು. ನೀಲಿ ಲಡಿ ಬುಟ್ಟ್ಯಾಗ ತೊಟ್ಟಿಕ್ಕಾಕತ್ತಿದ್ವು. ಗ್ವಾಡಿಗುಂಟ ಆಕಿ ಕೋಲು ಕಾಣ್ತು. ನುಣ್ಣಗ ಐತಿ, ಎಳಿ ಸಿಗಿಬೀಳಂಗಿಲ್ಲ. ಎರಡು ಕಬ್ಬಿಣದ ಕೊಂಡಿ ಮ್ಯಾಲೆ ಏರಿಸಿ ಲಡಿ ಹಾಕೇಬಿಟ್ಟೆ. ಒಂದು ದಿನ ಅಲ್ಲ, ಐದು ದಿನ. ಲಡಿ ಹಾಕಾಗೊಮ್ಮೆ ತಗಿಯಾಗೊಮ್ಮೆ ಕೋಲು ಕೊಂಡಿ ಮ್ಯಾಲೆ ಕರ್ ಕರ್ ಅಂತಿತ್ತು. ಛಲೋ ಗಳ ಸಿಕ್ಕಿತು ಅಂತ ಖುಷಿನ ಆಗಿತ್ತು ನನಗ. ಆಕಿ ಬರೋ ದಿನ ಒರಸಿ ಇದ್ದಲ್ಲೇ ಇಟ್ಟೆ.

ಬಂದಾಕಿನ ಕೋಲಿನ ಮ್ಯಾಲೆ ಬೆರಳು ಆಡಿಸಿದ್ಲು. ಒಂದು ಕಡೆ ಬೆರಳು ನಿಂತಿತು. "ಆಯಿ, ಇದನ್ನ ಯಾರರ ಮುಟ್ಟಿದ್ರೇನು?"

"ಯಾರ ಮುಟ್ತಾರ? ಇಲ್ಲ," ಅಂದೆ.

"ಹಂಗಾದ್ರ ಬಸ್ಸಿನ ಮ್ಯಾಲಿಂದ ಇಳಿಸುವಾಗ ತಿಕ್ಕಿರಬೇಕು. ಒಮ್ಮೆ ತಿಕ್ಕಿದ್ದು, ಆಳಕ್ಕ ಹೋಗಿರಂಗಿಲ್ಲ," ಅಂದು ಅಲ್ಲಿ ಅಂಟುಪಟ್ಟಿ ಸುತ್ತಿದ್ಲು. "ನಾಳೆ ನೀನೂ ಜಮಖಂಡಿಗೆ ಬಾ. ನಾ ಜಿಗಿಯೋದು ನೀ ಒಮ್ಮೆರ ನೋಡಿಲ್ಲ."

ಹೋದೆ. ಮೈದಾನದ ಕಟ್ಟಿ ಮ್ಯಾಲೆ ಕುಂತೆ. ಎರಡು ಸಲ ಜಿಗಿದ್ಲು. ಕೋಲು ಬಿಲ್ಲಿನಂಗ ಬಾಗಿತು, ಆಕಿ ಕಾಲು ಮ್ಯಾಲೆ ತಲಿ ಕೆಳಗ ಆಗಿ ಏರಿ ಅಡ್ಡಪಟ್ಟಿ ದಾಟಿ ಗಾದಿ ಮ್ಯಾಲೆ ಬಿದ್ಲು. ನನ್ನ ಕಡೆ ಕೈ ಎತ್ತಿ ನಕ್ಲು. ಮೂರನೇ ಸಲ ಮಗ್ಗದಾಗ ಲಾಳಿ ಹೊಡಿಯೋ ಕೋಲು ಮುರಿದಂಗ ಸಪ್ಪಳ ಆತು. ಕೋಲು ಮೂರು ತುಂಡು. ಆಕಿ ಗಾದಿ ಬಿಟ್ಟು ಹಿಂದಕ್ಕ, ನೆಲಕ್ಕ, ಬಲಗೈ ಮ್ಯಾಲೆ ಬಿದ್ಲು.

ಮಹಾಲಿಂಗಪುರದ ದವಾಖಾನ್ಯಾಗ ಎರಡು ಸಲ ಕೊಯ್ದ್ರು. ಡಾಕ್ಟರು, "ಈ ಕೈ ಇನ್ನ ಮೈಭಾರ ತಡಿಯಂಗಿಲ್ಲ," ಅಂದ್ರು. ಮುಗೀತು. ಈಗೂ ಆ ಕೈ ತಲಿತನಕ ಏಳಂಗಿಲ್ಲ, ಆಕಿ ತಲಿ ನಾನ ಹಿಕ್ಕತೇನಿ.

ನೋಡಾಕ ಬಂದ ಸರ್ ಮ್ಯಾಲೆ ನನ್ನ ಮಗ ಹರಿಹಾಯ್ದ. "ಕೆಟ್ಟ ಕೋಲು ಕೊಟ್ಟು ನನ್ನ ಮಗಳ ಬಾಳೇವು ಹಾಳ ಮಾಡಿದ್ರಿ. ನಮ್ಮ ಹೊಸ್ತಿಲಾ ತುಳಿಬ್ಯಾಡ್ರಿ."

ಸರ್ ತಲಿ ಬಗ್ಗಿಸಿ, "ತಪ್ಪು ನಂದರಿ. ಕೋಲು ನಾ ತಿರುಗಾ ನೋಡಬೇಕಿತ್ತು," ಅಂದ್ರು. ನಾ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹದಿನೈದು ದಿನ ಬಿಡಲಿಲ್ಲ. ಒಂದಿನ ಸಂಜಿಗೆ ಆಕಿಗೆ ಗಂಜಿ ಕುಡಸಾಕತ್ತಿದ್ದೆ. "ಸರ್ ಫೋನ್ ಹಚ್ಚಿದ್ರು ಆಯಿ. ಕಲಿಸೋದು ಬಿಡ್ತೇನಿ ಅಂತಾರ," ಅಂದ್ಲು. ಆವಾಗ ಹೇಳಿದೆ. ಗಳ ಮುರಿದದ್ದು, ಲಡಿ ಹಾಕಿದ್ದು, ಕೊಂಡಿ ತಿಕ್ಕಿದ್ದು, ಎಲ್ಲಾ.

ಆಕಿ ಎಡಗೈಲೆ ಗಂಜಿ ಬಟ್ಟಲಾ ಬಾಜೂಕ ಸರಸಿದ್ಲು. ಆಮ್ಯಾಲೆ, "ನಾ ಕೇಳಿದಾಗ ಯಾಕ ಹೇಳಲಿಲ್ಲ?" ಅಂದ್ಲು.

"ನೀ ಬೈತಿ ಅಂತ."

"ಬೈತಿದ್ದೆ. ಬೈದು, ಸರ್ ಮನ್ಯಾಗಿನ ಆ ಮೆತ್ತನ್ನ ಕೋಲು ತಗೊಂತಿದ್ದೆ."

ಅಷ್ಟ ಅಂದು ಗ್ವಾಡಿ ಕಡೆ ಮಾರಿ ತಿರುವಿ ಮಲಗಿದ್ಲು. ಗಂಜಿ ಹಂಗ ಉಳೀತು.

ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ಜಮಖಂಡಿಗೆ ಹೋದೆ. ಸರ್ ಮೈದಾನದ ಆ ಖೋಲಿಗೆ ಕೀಲಿ ಹಾಕಾಕತ್ತಿದ್ರು. ನನ್ನ ನೋಡಿ, "ಬರ್ರಿ ಅವ್ವಾರ, ಹುಡುಗಿ ಹೆಂಗದಾಳ?" ಅಂದ್ರು.

"ಅದನ್ನ ಆಮ್ಯಾಲೆ ಹೇಳ್ತೇನ್ರಿ. ಮೊದಲ ಆ ಕೀಲಿ ತಗಿರಿ. ಕೋಲು ಕೆಡಿಸಿದಾಕಿ ನಾನು," ಅಂದೆ. ಪೂರಾ ಹೇಳಿ ಮುಗಿಸಿ, ಅವರನ್ನ ತಿರುಗಿ ಹೋಗೋ ಬಸ್ಸಿಗೆ ಹತ್ತಿಸಿಕೊಂಡು ಬಂದು, ನನ್ನ ಮಗನ ಮುಂದ ಹೊಸ್ತಿಲದಾಗ ನಿಂದ್ರಿಸಿ, ತಿರುಗಾ ಮೊದಲಿಂದ ಹೇಳಿದೆ.