ನೀಲಿ ಅಂಗಿಯವನು ಮುಳುಗಿದ ಮೇಲೆ

ಪಿರಿಯಾಪಟ್ಟಣದ ಕಡೆಯ ನಮ್ಮೂರಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಲು ಕೂತರೆ ಪಕ್ಕದ ಮನೆಯ ದೊಡ್ಡವ್ವನ ಕೈ ನಿಲ್ಲುತ್ತಿರಲಿಲ್ಲ. ಅವಳು ಹೇಳುವ ಕತೆಯಲ್ಲಿ ನೀಲಿ ಅಂಗಿಯವನು ಹಾರುವಾಗ ಮಾತ್ರ ಒಂದು ಅಗಲವಾದ ಎಲೆಯನ್ನು ತಲೆಯ ಮೇಲಕ್ಕೆತ್ತಿ ಹಾಗೇ ಹಿಡಿದಿರುತ್ತಿದ್ದಳು. ಅದು ಇಳಿಯುವವರೆಗೆ ನಾವು ಮಕ್ಕಳು ಉಸಿರಾಡುತ್ತಿರಲಿಲ್ಲ.

ನೀಲಿ ಅಂಗಿಯವನು ಒಂದು ಕಾರ್ಟೂನಿನ ವೀರ. ಅವಳ ಮನೆಯ ಟಿವಿಯಲ್ಲೇ ಎಲ್ಲರೂ ನೋಡುತ್ತಿದ್ದೆವು. ಒಂದು ಭಾನುವಾರ ಅವನು ಹಡಗೊಂದನ್ನು ಉಳಿಸಿ ತಾನು ಸಮುದ್ರದಲ್ಲಿ ಮುಳುಗಿಹೋದ. ಮುಂದಿನ ಭಾನುವಾರ ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ ಬಂತು. ಕಾರ್ಟೂನನ್ನು ನಿಲ್ಲಿಸಿಬಿಟ್ಟಿದ್ದರು. ಅಳುತ್ತಿದ್ದ ನಮ್ಮನ್ನು ದೊಡ್ಡವ್ವ, "ಬತ್ತಾನೆ ಬುಡ್ರಲಾ," ಎಂದು ಸೊಪ್ಪಿನ ರಾಶಿಯ ಪಕ್ಕ ಕೂರಿಸಿಕೊಂಡಳು. ಅವಳು ಅಲ್ಲೇ ಕಟ್ಟಿ ಹೇಳಿದ ಕತೆಯಲ್ಲಿ ಅವನು ಸಮುದ್ರದಿಂದ ಕಾವೇರಿಗೆ ನುಗ್ಗಿ, ನೀರಿಗೆದುರಾಗಿ ಈಜಿ, ಚುಂಚನಕಟ್ಟೆಯ ಜಲಪಾತವನ್ನು ಹತ್ತಿ ಹಾರಿದ್ದು ಅವತ್ತೇ. ಸೊಪ್ಪು ಕಟ್ಟಲು ಊರೂರಿಂದ ಬಂದ ಹೆಂಗಸರು ಆ ಕತೆಯನ್ನೂ ಮನೆಗೆ ಒಯ್ದರು.

ಮೊನ್ನೆ ಹುಣಸೂರಿನ ಮದುವೆಯೊಂದರ ಊಟದ ಪಂಕ್ತಿಯಲ್ಲಿ, ಹಂಪಾಪುರದ ಕಡೆಯ ಗುರುತಿಲ್ಲದ ಒಬ್ಬರು ಅದೇ ಕಾರ್ಟೂನನ್ನು ನೆನೆದು ಮರುಗಿದರು. "ಚುಂಚನಕಟ್ಟೆ ಫಾಲ್ಸ್ ಅತ್ತಿ ಬಂದ್ನಲ್ಲ, ಅದೇ ಕಡೇದು. ನಮ್ಮನೆ ಟಿವೀಲೇ ನೋಡಿವ್ನಿ ಕಣ್ರೀ," ಎಂದರು. ಹೇಳುತ್ತಿದ್ದಂತೆ ಅವರ ಎಡಗೈ ತಲೆಯ ಮೇಲಕ್ಕೆ ಹೋಗಿ ಹಾಗೇ ನಿಂತಿತು.

ಊರಿಗೆ ಹೋದಾಗ ದೊಡ್ಡವ್ವನಿಗೆ ಇದನ್ನು ಹೇಳಿದೆ. ಅವಳು ಸೊಪ್ಪು ಕಟ್ಟುವುದನ್ನು ನಿಲ್ಲಿಸಿದಳು.

"ಇದ್ರೂ ಇರ್ಬೌದು ಕಣ್ಲಾ," ಎಂದಳು. "ನಮ್ಗೆ ಕರೆಂಟ್ ಇಲ್ದಿದ್ ದಿನ ಬಂದಿರ್ತದೆ."