ಉಣ್ಣೆ ಬೂಟಿನೊಳಗಿನ ಇಟ್ಟಿಗೆ

ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆ. ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ. ಸೈಬೀರಿಯಾದ ಯೆನಿಸೇ ನದಿಯ ದಂಡೆಯ ಪುಟ್ಟ ಊರಿನ ಬಾಯ್ಲರ್ ಮನೆಯಲ್ಲಿ ಕಪಿತೋಲಿನಾ ಯೆಗೊರೊವ್ನಾ ಬೀಜ ಬಿತ್ತಿದ ಮಣ್ಣಿನ ಟ್ರೇಯ ಅಡಿಗೆ ಕೈ ತೂರಿಸಿ ನಿಂತಿದ್ದಾರೆ. ಕರೆಂಟು ಹೋಗಿ ಹತ್ತು ನಿಮಿಷ. ಪಂಪು ನಿಂತಿದೆ. ಟ್ರೇಗಳ ಕೆಳಗಿನ ಬಿಸಿನೀರಿನ ಪೈಪು ತಣ್ಣಗಾಗುತ್ತಿದೆ.

"ಅಕ್ಕಾ, ನಿನ್ ಸಸಿ ಹಾಳಾಗ್ಲಿ, ಮೊದ್ಲು ಒಲೆ ಬೆಂಕಿ ಹೊರಗೆ ಎಳಿ! ನೀರು ಓಡ್ತಿಲ್ಲ, ಬಾಯ್ಲರ್ ಸಿಡಿದ್ರೆ ಇಬ್ರೂ ಸೂಪ್ ಆಗ್ತೀವಿ!" ಎಂದು ಮೆಕ್ಯಾನಿಕ್ ರೊದಿಯೋನ್ ಕಿರುಚುತ್ತಾನೆ.

"ಎಳೆದಾಯ್ತೋ. ನಿನ್ ಹಾಗೆ ಬಾಯಲ್ಲಿ ಕೆಲ್ಸ ಮಾಡಲ್ಲ ನಾನು."

ಕಪಿತೋಲಿನಾ ಅವರ ಕೈಯಲ್ಲಿ ಮೂವತ್ತೊಂದು ವರ್ಷದಿಂದ ಇದೇ ಸಲಿಕೆ. ಪಾಳಿಗೆ ಮೂರು ಟನ್ ಕಲ್ಲಿದ್ದಲು ಒಲೆಗೆ. ಕೇರಿಯ ಇಪ್ಪತ್ತಾರು ಮನೆಗಳ ಬೀಜ ಮೊಳೆಯುವುದೂ ಇವರ ಪೈಪಿನ ಮೇಲೆಯೇ. ಮನೆಯ ಕಿಟಕಿಕಟ್ಟೆಯ ಚಳಿಗೆ ದಪ್ಪ ಮೆಣಸಿನಕಾಯಿಯ ಬೀಜ ಕಣ್ಣೇ ಬಿಡುವುದಿಲ್ಲ. ಹಿಮ ಕರಗುವವರೆಗೆ ಕಾದರೆ ಬೇಸಿಗೆಯೇ ಮುಗಿದುಹೋಗುತ್ತದೆ. ಪೈಪಿಗೂ ಟ್ರೇಗೂ ನಡುವೆ ಮೆಣಸಿಗೆ ಒಂದು ಇಟ್ಟಿಗೆಯ ಎತ್ತರ, ಟೊಮೆಟೊಗೆ ಎರಡು. ಇಷ್ಟೇ ಇವರ ವಿದ್ಯೆ. ಕರೆಂಟು ಬೇಡದ ಇನ್ನೊಂದು ಪಂಪು ಕೊಡಿ ಎಂದು ಇವರು ಮೂರು ವರ್ಷದಿಂದ ಕೇಳುತ್ತಿದ್ದಾರೆ. ಕಚೇರಿಯವರು ಕೊಟ್ಟದ್ದು ಗೋಡೆಗೊಂದು ಗೌರವ ಫಲಕ, ಒಳ್ಳೆಯ ಕೆಲಸಗಾರರ ಫೋಟೋ ಹಾಕಲು. ಅದರಲ್ಲಿ ಟೈ ಕಟ್ಟಿದವರ ಮುಖಗಳೇ ತುಂಬಿವೆ, ಸಲಿಕೆ ಹಿಡಿದ ಒಂದು ಮುಖವೂ ಇಲ್ಲ!

ಮೆಣಸು ಬಿತ್ತಿ ಇಂದಿಗೆ ಎಂಟು ದಿನ. ಬೀಜ ಬಿರಿಯುವ ಹೊತ್ತು. ಈಗ ಮಣ್ಣು ತಣ್ಣಗಾದರೆ ಕೊಳೆತೇ ಹೋಗುತ್ತದೆ. ಬೇರೆ ಬೀಜವಿಲ್ಲ. ಬೆಂಕಿ ಎಳೆದರೂ ಒಲೆಯ ಬಾಯಲ್ಲಿ ಇಟ್ಟಿಗೆಗಳು ಇನ್ನೂ ಸುಡುತ್ತಿವೆ, ಆದರೆ ಕಪಿತೋಲಿನಾ ಅವರ ಕೈ ತಡೆಯುತ್ತದೆ. ಹಿಂದಿನ ವರ್ಷ ಹೀಗೇ ಕರೆಂಟು ಹೋದಾಗ ಕಾದ ಇಟ್ಟಿಗೆಯನ್ನು ನೇರವಾಗಿ ಟ್ರೇ ಕೆಳಗಿಟ್ಟು ಕೇರಿಯವರ ಅರ್ಧ ಬೀಜ ಬೇಯಿಸಿದ್ದರು. "ಕೇರೀಲಿ ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ.

ತಟ್ಟನೆ ಕೂತು ತಮ್ಮ ಉಣ್ಣೆಯ ಬೂಟು ಕಳಚುತ್ತಾರೆ. ಇಕ್ಕಳದಿಂದ ಒಂದೊಂದು ಇಟ್ಟಿಗೆ ಬೂಟಿನೊಳಗೆ, ಬೂಟು ಟ್ರೇಯ ಅಡಿಗೆ; ದಪ್ಪ ಉಣ್ಣೆ ದಾಟಿ ಬಿಸಿ ಮೆಲ್ಲಗೆ ಬರಲಿ ಎಂದು.

"ರೊದಿಯೋನ್, ನಿಂದೂ ಬಿಚ್ಚು."

"ಹುಚ್ಚು ಹಿಡೀತಾ? ನನ್ ಕಾಲು?"

"ನಿನ್ ಕಾಲಿಂದ ಯಾರಾದ್ರೂ ಪಲ್ಯ ಮಾಡ್ತಾರಾ? ಬಿಚ್ಚೋ!"

ಬಿಚ್ಚುತ್ತಾನೆ. ನೆಲ ಮಂಜುಗಡ್ಡೆಯಂತಿದೆ. ಇಬ್ಬರೂ ಕಲ್ಲಿದ್ದಲಿನ ಗೋಣಿಚೀಲ ಕಾಲಿಗೆ ಸುತ್ತಿಕೊಂಡು ಮತ್ತೆ ಮತ್ತೆ ಟ್ರೇ ಮುಟ್ಟಿ ನೋಡುತ್ತಾರೆ. ಬಿಸಿ ಹೆಚ್ಚಾದರೆ ಬೂಟು ಹೊರಗೆಳೆ, ಕಡಿಮೆಯಾದರೆ ಒಳಗೆ ತಳ್ಳು. ನಲವತ್ತು ನಿಮಿಷದ ಮೇಲೆ ಕರೆಂಟು ಬಂದು ಪಂಪು ಗುರುಗುಟ್ಟುತ್ತದೆ.

ಮೂರನೆಯ ದಿನ ಮಣ್ಣು ಸೀಳಿ ಬಾಗಿದ ಕತ್ತುಗಳು ಮೇಲೇಳುತ್ತವೆ. ಮೊದಲ ಟ್ರೇ ಒಯ್ಯಲು ನೆರೆಯ ಲುಕೇರ್ಯಾ ಬರುತ್ತಾಳೆ. ಸಸಿಗಳನ್ನು ಕೋಟಿನೊಳಗೆ ಎದೆಗೊತ್ತಿಕೊಂಡು ಏನೋ ಹೇಳಲು ಬಾಯಿ ತೆರೆಯುತ್ತಾಳೆ.

"ಮುಚ್ಚೇ ಬಾಯಿ! ಸಸಿ ಕೊಟ್ಟೋರಿಗೆ ಉಪಕಾರ ಆಯ್ತು ಅಂದ್ರೆ ಸಸಿ ಸಾಯುತ್ತೆ, ಗೊತ್ತಿಲ್ವಾ? ಸುಮ್ನೆ ಹೋಗು!"

ಲುಕೇರ್ಯಾ ತುಟಿ ಕಚ್ಚಿಕೊಂಡು ಹೊರಡುತ್ತಾಳೆ. ಕಪಿತೋಲಿನಾ ಸಲಿಕೆ ಎತ್ತಿಕೊಳ್ಳುತ್ತಾರೆ.

"ಹಿಂದಿನ ವರ್ಷಾನೂ ಸುಮ್ನೇ ಹೋದ್ರು ಎಲ್ರೂ," ಎನ್ನುತ್ತಾರೆ. "ಈ ಸುಮ್ನಿರೋದು ಬೇರೆ."